ಹಲ್ಲಿನ ಕ್ಲಿಪ್ ತೆಗೆದ ಮೇಲೂ ರಿಟೇನರ್ ಯಾಕೆ? ಎಷ್ಟು ದಿನ? ಸ್ವಚ್ಛ ಮಾಡುವುದು ಹೇಗೆ?

"ಕ್ಲಿಪ್ ತೆಗೆದಾಯಿತು, ಹಲ್ಲು ನೇರ ಆಯಿತು. ಇನ್ನು ಪ್ಲೇಟ್ ಹಾಕಿ ಅಂತ ಹೇಳುವುದೆಲ್ಲ ಡಾಕ್ಟರ್‌ಗಳ ಬಿಸಿನೆಸ್."

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಒಮ್ಮೆಯಾದರೂ ಕೇಳಿಬರುತ್ತದೆ. ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇದರ ಜೊತೆಗೆ ಇನ್ನಷ್ಟು ಸಲಹೆಗಳೂ ಓಡಾಡುತ್ತವೆ: ಪ್ಲೇಟನ್ನು ಕುದಿನೀರಲ್ಲಿ ಹಾಕಿ, ಪೇಸ್ಟ್ ಹಚ್ಚಿ ತಿಕ್ಕಿ, ಹಲ್ಲು ಮತ್ತೆ ಸರಿದರೆ ರಬ್ಬರ್ ಬ್ಯಾಂಡ್ ಸುತ್ತಿ. ಇವುಗಳಲ್ಲಿ ಕೆಲವು ದುಡ್ಡು ಹಾಳುಮಾಡುತ್ತವೆ, ಒಂದಂತೂ ಹಲ್ಲನ್ನೇ ಕಳೆಯುತ್ತದೆ. ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

ಚಿಕ್ಕ ಉತ್ತರ

ಕ್ಲಿಪ್ ಹಲ್ಲನ್ನು ಹೊಸ ಜಾಗಕ್ಕೆ ಸರಿಸುತ್ತದೆ. ರಿಟೇನರ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಮೊದಲ ಒಂದು ವರ್ಷ ರಿಟೇನರ್ ಹಾಕದಿದ್ದರೆ ಹಲ್ಲು ಹಳೆಯ ಜಾಗದ ಕಡೆಗೆ ವಾಲುವ ಸಾಧ್ಯತೆ ತುಂಬಾ ಹೆಚ್ಚು. ಆಮೇಲೂ ರಾತ್ರಿ ಹಾಕುವುದನ್ನು ಮುಂದುವರಿಸಿದಷ್ಟು ಕಾಲ ಸಾಲು ಸರಿಯಾಗಿ ಉಳಿಯುತ್ತದೆ. ಡಬ್ಬಿಯೊಳಗೆ ಭದ್ರವಾಗಿರುವ ರಿಟೇನರ್‌ನಿಂದ ಯಾವ ಪ್ರಯೋಜನವೂ ಇಲ್ಲ.

ನೇರವಾದ ಹಲ್ಲು ಮತ್ತೆ ಯಾಕೆ ಸರಿಯುತ್ತದೆ?

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ಬಿಗಿದುಕೊಂಡಿಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ಮೆದುವಾದ ನಾರಿನ ಪದರವಿದೆ. ಸಾವಿರಾರು ಸಣ್ಣ ನಾರುಗಳು ಹಲ್ಲನ್ನು ತೊಟ್ಟಿಲಿನ ಹಾಗೆ ಹಿಡಿದುಕೊಂಡಿರುತ್ತವೆ. ಗಟ್ಟಿಯಾದದ್ದನ್ನು ಕಚ್ಚಿದಾಗ ಪೆಟ್ಟು ತಗ್ಗಿಸುವುದೂ ಇದೇ ಪದರ.

ಕ್ಲಿಪ್‌ನ ತಂತಿ ಹಲ್ಲನ್ನು ಒಂದು ಕಡೆಗೆ ನಿಧಾನವಾಗಿ ಒತ್ತುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತವಿರುವ ಕಡೆ ಹೊಸ ಮೂಳೆ ಹುಟ್ಟುತ್ತದೆ. ಹೀಗೆ ಹಲ್ಲು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಮೂಳೆಯೊಳಗೇ ದಾರಿ ಮಾಡಿಕೊಂಡು ಸರಿಯುತ್ತದೆ. ಕ್ಲಿಪ್ ತೆಗೆದ ದಿನ ಕನ್ನಡಿಯಲ್ಲಿ ಸಾಲು ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಆ ಹೊತ್ತಿಗೆ ಸುತ್ತಲಿನ ಮೂಳೆ ಇನ್ನೂ ಎಳಸು, ನಾರುಗಳು ಇನ್ನೂ ಎಳೆದುಕೊಂಡ ಸ್ಥಿತಿಯಲ್ಲಿರುತ್ತವೆ. ಬೆರಳಿನಿಂದ ಮುಟ್ಟಿದರೆ ಹಲ್ಲು ಸ್ವಲ್ಪ ಅಲ್ಲಾಡಿದಂತೆ ಅನ್ನಿಸುವುದೂ ಇದರಿಂದಲೇ. ಅದು ಸಹಜ, ಹೆದರಬೇಕಿಲ್ಲ.

ಸುಧಾರಿಸಿಕೊಳ್ಳಲು ಒಂದೊಂದು ಭಾಗಕ್ಕೂ ಒಂದೊಂದು ಅವಧಿ ಬೇಕು.

• ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಸುಮಾರು 3ರಿಂದ 4 ತಿಂಗಳು.
• ವಸಡಿನೊಳಗಿನ ಗಟ್ಟಿ ನಾರುಗಳಿಗೆ 4ರಿಂದ 6 ತಿಂಗಳು.
• ವಸಡಿನಲ್ಲೇ ಇರುವ, ರಬ್ಬರಿನಂತೆ ಹಿಗ್ಗುವ ನಾರುಗಳಿಗೆ ಸುಮಾರು ಒಂದು ವರ್ಷ.

ಕೊನೆಯ ಗುಂಪಿನ ನಾರುಗಳೇ ಹೆಚ್ಚು ಹಟಮಾರಿಗಳು. ಅದರಲ್ಲೂ ತಿರುಚಿಕೊಂಡಿದ್ದ ಹಲ್ಲನ್ನು ತಿರುಗಿಸಿ ನೇರ ಮಾಡಿದ್ದರೆ ಇವು ಅದನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ. ನಾರ್ವೆಯ ಕೋರೆ ರೈಟಾನ್ ಎಂಬ ದಂತವಿಜ್ಞಾನಿ ಇದನ್ನು ಪ್ರಾಣಿಗಳಲ್ಲಿ ತೋರಿಸಿದರು. ಹಲ್ಲು ತಿರುಗಿಸಿ 232 ದಿನ ಹಿಡಿದಿಟ್ಟ ಮೇಲೂ ವಸಡಿನ ನಾರುಗಳು ಎಳೆದುಕೊಂಡೇ ಇದ್ದವು. "ಮೊದಲ ವರ್ಷ ತಪ್ಪಿಸಬೇಡಿ" ಎಂದು ಡಾಕ್ಟರ್ ಒತ್ತಿ ಹೇಳುವುದಕ್ಕೆ ಕಾರಣ ಇಂಥ ಅಧ್ಯಯನಗಳು.

ಒಂದು ವರ್ಷ ಆದ ಮೇಲೆ ಬಿಡಬಹುದಲ್ಲ?

ಇಲ್ಲಿ ಎರಡನೆಯ ವಿಷಯ ಬರುತ್ತದೆ. ಕ್ಲಿಪ್ ಹಾಕಿಸದವರ ಹಲ್ಲುಗಳೂ ವಯಸ್ಸಾದಂತೆ ಸರಿಯುತ್ತವೆ. ಕೆಳಗಿನ ಸಾಲಿನ ಮುಂದಿನ ಹಲ್ಲುಗಳಿಗೆ ಜಾಗ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಚಿಕ್ಕಂದಿನಲ್ಲಿ ಸರಿಯಾಗಿದ್ದ ಕೆಳಸಾಲು 40 ದಾಟುವಾಗ ಒತ್ತೊತ್ತಾಗಿರುವುದನ್ನು ನಿಮ್ಮ ಮನೆಯ ಹಿರಿಯರಲ್ಲೂ ನೋಡಿರಬಹುದು. ಕೂದಲು ನರೆಯುವಂತೆ ಇದೂ ವಯಸ್ಸಿನ ಬದಲಾವಣೆ.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು ಕ್ಲಿಪ್ ಚಿಕಿತ್ಸೆ ಮುಗಿಸಿ ರಿಟೇನರ್ ನಿಲ್ಲಿಸಿದವರನ್ನು ವರ್ಷಗಟ್ಟಲೆ ಗಮನಿಸಿದರು. ಇವರೆಲ್ಲ ಜಾಗಕ್ಕಾಗಿ ನಾಲ್ಕು ಹಲ್ಲು ಕೀಳಿಸಿಕೊಂಡವರು. 10 ವರ್ಷಗಳ ನಂತರ ಕೆಳಗಿನ ಮುಂದಿನ ಸಾಲು ತೃಪ್ತಿಕರವಾಗಿ ಉಳಿದದ್ದು ಶೇ. 30ಕ್ಕಿಂತ ಕಡಿಮೆ ಜನರಲ್ಲಿ. 1988ರಲ್ಲಿ ಪ್ರಕಟವಾದ ಮುಂದಿನ ವರದಿಯಲ್ಲಿ, 20 ವರ್ಷಗಳ ಹೊತ್ತಿಗೆ ಅದು ಸುಮಾರು ಶೇ. 10ಕ್ಕೆ ಇಳಿದಿತ್ತು. ಉಳಿದವರ ಹಲ್ಲು ಪೂರ್ತಿ ಮೊದಲಿನಂತಾಯಿತು ಎಂದು ಇದರ ಅರ್ಥವಲ್ಲ. ಆದರೆ ಯಾರ ಹಲ್ಲು ಸರಿಯುತ್ತದೆ, ಯಾರದ್ದು ನಿಲ್ಲುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು.

ಹಾಗಾಗಿ ಇಂದು ಬಹಳಷ್ಟು ವಕ್ರದಂತ ತಜ್ಞರು ಹೇಳುವುದು ಇಷ್ಟೆ: ಹಲ್ಲು ಎಷ್ಟು ಕಾಲ ನೇರ ಇರಬೇಕೋ ಅಷ್ಟು ಕಾಲ ರಾತ್ರಿ ರಿಟೇನರ್ ಇರಲಿ.

ಎಷ್ಟು ಗಂಟೆ ಹಾಕಬೇಕು?

ಸಾಮಾನ್ಯವಾಗಿ ಕೊಡುವ ಸಲಹೆ ಹೀಗಿರುತ್ತದೆ: ಮೊದಲ 3ರಿಂದ 6 ತಿಂಗಳು ಊಟ ಮತ್ತು ಹಲ್ಲುಜ್ಜುವ ಸಮಯ ಬಿಟ್ಟು ಹಗಲು ರಾತ್ರಿ. ಆಮೇಲೆ ರಾತ್ರಿ ಮಾತ್ರ. ಕೆಲವು ಡಾಕ್ಟರ್‌ಗಳು ಪಾರದರ್ಶಕ ರಿಟೇನರ್ ಕೊಟ್ಟಾಗ ಶುರುವಿನಿಂದಲೇ ರಾತ್ರಿ ಸಾಕು ಎನ್ನುತ್ತಾರೆ. ಇದು ಅಸಡ್ಡೆಯಲ್ಲ. ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2016ರ ವಿಮರ್ಶೆಯಲ್ಲಿ, ಪಾರದರ್ಶಕ ರಿಟೇನರನ್ನು ದಿನವಿಡೀ ಹಾಕಿದರೆ ಅರೆಹೊತ್ತು ಹಾಕಿದ್ದಕ್ಕಿಂತ ಹೆಚ್ಚು ಲಾಭ ಎನ್ನಲು ಪುರಾವೆ ಸಿಗಲಿಲ್ಲ ಎಂದಿತ್ತು. ಯಾವುದೇ ಒಂದು ಬಗೆಯ ರಿಟೇನರ್ ಉಳಿದೆಲ್ಲಕ್ಕಿಂತ ಮೇಲು ಎನ್ನಲೂ ಗಟ್ಟಿ ಪುರಾವೆ ಇಲ್ಲ.

ಆದ್ದರಿಂದ ಪಕ್ಕದ ಮನೆಯ ಹುಡುಗಿಗೆ ಹೇಳಿದ ಲೆಕ್ಕ ನಿಮಗೆ ಬೇಡ. ನಿಮ್ಮ ಹಲ್ಲು ಮೊದಲು ಎಷ್ಟು ವಕ್ರವಾಗಿತ್ತು, ತಿರುಚಿತ್ತೇ, ನಡುವೆ ಸಂದಿಯಿತ್ತೇ ಎಂಬುದು ನಿಮ್ಮ ಡಾಕ್ಟರ್‌ಗೆ ಗೊತ್ತು. ಅವರು ಹೇಳಿದ ಗಂಟೆಗಳನ್ನೇ ಪಾಲಿಸಿ.

ರಿಟೇನರ್‌ನಲ್ಲಿ ಎಷ್ಟು ಬಗೆ?

1. ತಂತಿ ಇರುವ ಪ್ಲೇಟ್. ಅಂಗಳಕ್ಕೆ ಕೂರುವ ಗುಲಾಬಿ ಅಥವಾ ಬಣ್ಣದ ಅಕ್ರಿಲಿಕ್ ಪ್ಲೇಟ್, ಹಲ್ಲಿನ ಮುಂಭಾಗಕ್ಕೆ ಒಂದು ತಂತಿ. ಇದಕ್ಕೆ ಹಾಲಿ ರಿಟೇನರ್ ಎಂದು ಹೆಸರು. ಅಮೆರಿಕದ ಚಾರ್ಲ್ಸ್ ಹಾಲಿ ರೂಪಿಸಿದ ಈ ಮಾದರಿಗೆ ನೂರು ವರ್ಷ ದಾಟಿದೆ. ಗಟ್ಟಿಮುಟ್ಟು, ತಂತಿ ಸಡಿಲವಾದರೆ ಬಿಗಿ ಮಾಡಬಹುದು. ಮೊದಮೊದಲು ಮಾತು ಸ್ವಲ್ಪ ತೊದಲುತ್ತದೆ, ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

2. ಪಾರದರ್ಶಕ ರಿಟೇನರ್. ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಹಲ್ಲಿನ ಅಚ್ಚಿನ ಮೇಲೆ ಕೂರಿಸಿ ಮಾಡಿದ್ದು. ಹಾಕಿಕೊಂಡರೆ ಗೊತ್ತಾಗುವುದೇ ಇಲ್ಲ. ಆದರೆ ಸವೆಯುತ್ತದೆ, ಸೀಳುತ್ತದೆ, ಬಿಸಿಗೆ ಸೊಟ್ಟಗಾಗುತ್ತದೆ. ಕೆಲ ಸಮಯದ ಮೇಲೆ ಹೊಸದು ಮಾಡಿಸಬೇಕಾಗುತ್ತದೆ.

3. ಅಂಟಿಸಿದ ತಂತಿ. ಮುಂದಿನ ಹಲ್ಲುಗಳ ಒಳಭಾಗಕ್ಕೆ, ಹೆಚ್ಚಾಗಿ ಕೆಳಸಾಲಿನಲ್ಲಿ ಕೋರೆಹಲ್ಲಿನಿಂದ ಕೋರೆಹಲ್ಲಿಗೆ ಸಣ್ಣ ತಂತಿ ಅಂಟಿಸುತ್ತಾರೆ. ಹಾಕಲು ಮರೆಯುವ ಪ್ರಶ್ನೆಯೇ ಇಲ್ಲ. ಆದರೆ ಶುಚಿ ಮಾಡುವುದು ಕಷ್ಟ, ಒಂದು ಹಲ್ಲಿನ ಅಂಟು ಬಿಟ್ಟರೂ ಎಷ್ಟೋ ದಿನ ಗೊತ್ತಾಗುವುದಿಲ್ಲ.

ಫಾರ್ವರ್ಡ್‌ಗಳಲ್ಲಿ ಬರುವ ಹೇಳಿಕೆಗಳು

ಹೇಳಿಕೆ: ಕುದಿಯುವ ನೀರಲ್ಲಿ ಹಾಕಿದರೆ ಕ್ರಿಮಿಗಳೆಲ್ಲ ಸಾಯುತ್ತವೆ.
ನಿಜ: ಕ್ರಿಮಿಯ ಜೊತೆ ರಿಟೇನರ್ ಕೂಡ ಹೋಗುತ್ತದೆ. ಪಾರದರ್ಶಕ ರಿಟೇನರ್ ತಯಾರಾದದ್ದೇ ಪ್ಲಾಸ್ಟಿಕ್ಕನ್ನು ಬಿಸಿಮಾಡಿ, ಹಾಗಾಗಿ ಬಿಸಿ ತಗಲಿದರೆ ಆಕಾರ ಬಿಡುತ್ತದೆ. ಅಕ್ರಿಲಿಕ್ ಪ್ಲೇಟಿಗೂ ಕುದಿನೀರು ಬೇಡ. ಸ್ನಾನದ ಹಂಡೆಯ ನೀರು, ಬಿಸಿ ಕಾಫಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಎಲ್ಲವೂ ಇದೇ ಲೆಕ್ಕ. ಮಧ್ಯಾಹ್ನ ಮಲ್ಪೆ ಅಥವಾ ಕಾಪು ಬೀಚಿಗೆ ಹೋಗುವಾಗ ಡಬ್ಬಿಯನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಹೇಳಿಕೆ: ಹಲ್ಲುಜ್ಜುವ ಪೇಸ್ಟಿನಿಂದಲೇ ತಿಕ್ಕಿದರೆ ಸಾಕು.
ನಿಜ: ಪೇಸ್ಟಿನಲ್ಲಿರುವ ಸಣ್ಣ ಕಣಗಳು ಹಲ್ಲಿನ ಎನಾಮಲ್‌ಗೆ ಸರಿ, ಪ್ಲಾಸ್ಟಿಕ್ಕಿಗೆ ಒರಟು. ಗೀರು ಬಿದ್ದ ಕಡೆ ಪಾಚಿ ಕೂತು ವಾಸನೆ, ಮಬ್ಬು ಬರುತ್ತದೆ. ಇದ್ದಿಲಪುಡಿ, ಉಪ್ಪು, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಇನ್ನೂ ಕೆಟ್ಟದ್ದು.

ಹೇಳಿಕೆ: ಬುದ್ಧಿಹಲ್ಲು ಹಿಂದಿನಿಂದ ತಳ್ಳುವುದರಿಂದ ಮುಂದಿನ ಹಲ್ಲು ವಕ್ರವಾಗುತ್ತದೆ, ಅದನ್ನು ಕೀಳಿಸಿದರೆ ರಿಟೇನರ್ ಬೇಡ.
ನಿಜ: ಇದನ್ನು ನೇರವಾಗಿ ಪರೀಕ್ಷಿಸಿ ನೋಡಿದ್ದಾರೆ. 1998ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರ ಬುದ್ಧಿಹಲ್ಲು ಕಿತ್ತು, ಕೆಲವರದ್ದನ್ನು ಹಾಗೇ ಬಿಟ್ಟು ವರ್ಷಗಟ್ಟಲೆ ಹೋಲಿಸಿದರು. ಮುಂದಿನ ಹಲ್ಲು ಒತ್ತೊತ್ತಾಗುವುದನ್ನು ತಡೆಯಲೆಂದೇ ಬುದ್ಧಿಹಲ್ಲು ಕೀಳುವುದಕ್ಕೆ ಸಮರ್ಥನೆ ಇಲ್ಲ ಎಂಬ ತೀರ್ಮಾನ ಬಂತು. ನೋವು, ಕೀವು, ಹುಳುಕು ಇದ್ದರೆ ಕೀಳಿಸುವುದು ಬೇರೆ ಮಾತು.

ಹೇಳಿಕೆ: ಸಂದಿ ಬಿದ್ದರೆ ರಾತ್ರಿ ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮಲಗಿ, ಮನೆಯಲ್ಲೇ ಸರಿಯಾಗುತ್ತದೆ.
ನಿಜ: ಇದು ಎಲ್ಲಕ್ಕಿಂತ ಅಪಾಯಕಾರಿ. ಹಲ್ಲು ಬುಡದ ಕಡೆಗೆ ಕಿರಿದಾಗುತ್ತಾ ಹೋಗುವುದರಿಂದ ಬ್ಯಾಂಡ್ ಜಾರಿ ವಸಡಿನೊಳಗೆ ಸೇರುತ್ತದೆ. ಅಲ್ಲಿಂದ ಬೇರಿನ ಗುಂಟ ಮೇಲಕ್ಕೆ ಹೋಗಿ ನಾರನ್ನೂ ಮೂಳೆಯನ್ನೂ ನಾಶಮಾಡುತ್ತದೆ. ಹುಳುಕಿಲ್ಲದ ಒಳ್ಳೆಯ ಹಲ್ಲುಗಳು ಹೀಗೆ ಉದುರಿಹೋದ ಪ್ರಕರಣಗಳು ದಂತವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇಂಥ ವಿಡಿಯೊ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ಹೇಳಿಕೆ: ತಿಂಗಳುಗಟ್ಟಲೆ ಹಾಕದೆ ಬಿಟ್ಟ ರಿಟೇನರನ್ನು ಗಟ್ಟಿಯಾಗಿ ಒತ್ತಿ ಹಾಕಿದರೆ ಹಲ್ಲು ವಾಪಸ್ ಬರುತ್ತದೆ.
ನಿಜ: ರಿಟೇನರ್ ಸ್ವಲ್ಪ ಬಿಗಿ ಅನ್ನಿಸಿದರೂ ಪೂರ್ತಿ ಕೂರುತ್ತಿದ್ದರೆ ಮತ್ತೆ ನಿತ್ಯ ಹಾಕಲು ಶುರುಮಾಡಿ, ಡಾಕ್ಟರ್‌ಗೂ ತಿಳಿಸಿ. ಅದು ಕೂರುತ್ತಲೇ ಇಲ್ಲ, ಒಂದು ಕಡೆ ಎದ್ದು ನಿಲ್ಲುತ್ತದೆ ಅಂದರೆ ಒತ್ತಬೇಡಿ. ರಿಟೇನರ್ ಮುರಿಯಬಹುದು, ಹಲ್ಲಿಗೂ ವಸಡಿಗೂ ಪೆಟ್ಟಾಗಬಹುದು.

ದಿನನಿತ್ಯ ಸ್ವಚ್ಛ ಮಾಡುವ ಕ್ರಮ

ಹಾಕಿ ತೆಗೆಯುವ ರಿಟೇನರ್‌ಗೆ:

• ಬಾಯಿಂದ ತೆಗೆದ ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಎಂಜಲು ಒಣಗಿದರೆ ಪದರ ಗಟ್ಟಿಯಾಗುತ್ತದೆ.
• ದಿನಕ್ಕೊಮ್ಮೆ ಬೇರೆಯೇ ಒಂದು ಮೃದು ಬ್ರಷ್, ಒಂದು ಹನಿ ಕೈತೊಳೆಯುವ ದ್ರವ ಸೋಪು ಹಾಕಿ ಒಳಗೂ ಹೊರಗೂ ಉಜ್ಜಿ. ಚೆನ್ನಾಗಿ ತೊಳೆಯಿರಿ.
• ತೊಳೆಯುವಾಗ ಸಿಂಕಿನ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳಿ. ಕೈಜಾರಿದರೂ ಒಡೆಯುವುದಿಲ್ಲ.
• ವಾರಕ್ಕೊಮ್ಮೆ ಕಟ್ಟುಹಲ್ಲು ತೊಳೆಯುವ ಮಾತ್ರೆಯನ್ನು ನೀರಿಗೆ ಹಾಕಿ ಅದರಲ್ಲಿ ನೆನೆಸಬಹುದು. ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಇಡಿ, ಆಮೇಲೆ ಚೆನ್ನಾಗಿ ತೊಳೆದೇ ಬಾಯಿಗೆ ಹಾಕಿ. ಆ ನೀರನ್ನು ಬಾಯಿ ಮುಕ್ಕಳಿಸಲು ಬಳಸಬಾರದು. ಇಂಥ ಮಾತ್ರೆಗಳಲ್ಲಿರುವ ಪರ್‌ಸಲ್ಫೇಟ್ ಕೆಲವರಿಗೆ ಅಲರ್ಜಿ ಮಾಡುತ್ತದೆ. ತುರಿಕೆ, ಉರಿ ಬಂದರೆ ನಿಲ್ಲಿಸಿ.
• ಬ್ಲೀಚ್, ಸ್ಪಿರಿಟ್, ಸ್ಯಾನಿಟೈಸರ್ ಬೇಡ.

ರಿಟೇನರ್ ಮೇಲೆ ಬಿಳಿಯ ಸುಣ್ಣದಂಥ ಪದರ ಕೂತರೆ ಅದು ಬಾವಿನೀರಿನ ದೋಷವಲ್ಲ. ನಮ್ಮ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಪಾಚಿಯ ಮೇಲೆ ಕೂತು ಗಟ್ಟಿಯಾದ ಗಾರೆ ಅದು. ಪಿನ್ನು, ಬ್ಲೇಡಿನಿಂದ ಕೆರೆಯಬೇಡಿ. ಮುಂದಿನ ಭೇಟಿಯಲ್ಲಿ ಕ್ಲಿನಿಕ್‌ಗೆ ತೆಗೆದುಕೊಂಡು ಹೋದರೆ ಅಲ್ಲಿ ಯಂತ್ರದಲ್ಲಿ ಸ್ವಚ್ಛ ಮಾಡಿಕೊಡುತ್ತಾರೆ.

ಅಂಟಿಸಿದ ತಂತಿಗೆ: ಬ್ರಷ್‌ನಿಂದ ಹಲ್ಲಿನ ಹಿಂಭಾಗವನ್ನೂ ಉಜ್ಜಿ. ತಂತಿಯ ಕೆಳಗೆ ನೂಲು ಹಾಯಿಸಲು ಫ್ಲಾಸ್ ತ್ರೆಡರ್ ಎಂಬ ಪ್ಲಾಸ್ಟಿಕ್ ಸೂಜಿ ಸಿಗುತ್ತದೆ. ಸಂದಿಗೆ ಹೋಗುವ ಸಣ್ಣ ಬ್ರಷ್ ಕೂಡ ಆಗುತ್ತದೆ. ತಿಂಗಳಿಗೊಮ್ಮೆ ನಾಲಿಗೆ ಅಥವಾ ಉಗುರಿನಿಂದ ತಂತಿ ಮುಟ್ಟಿ ನೋಡಿ. ಅಲ್ಲಾಡುತ್ತಿದ್ದರೆ ಕಾಯಬೇಡಿ. ಅಂಟು ಬಿಟ್ಟ ಹಲ್ಲು ಒಂಟಿಯಾಗಿ ಸರಿಯುತ್ತದೆ. ತಂತಿ ಬಾಗಿದ್ದರೆ ಅದೇ ಹಲ್ಲನ್ನು ತಪ್ಪು ದಿಕ್ಕಿಗೆ ತಳ್ಳಲೂಬಹುದು. ನಿಮ್ಮ ಕೈಯಿಂದ ಎಳೆದು ತೆಗೆಯಬೇಡಿ.

ಊಟ, ಮದುವೆ ಮನೆ ಮತ್ತು ಬಾಳೆಎಲೆ

ರಿಟೇನರ್ ಕಳೆದುಹೋಗುವುದು ಹೆಚ್ಚಾಗಿ ಊಟದ ಹೊತ್ತಿನಲ್ಲಿ. ಹೋಟೆಲಿನಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟರೆ ಕ್ಲೀನ್ ಮಾಡುವವರು ತಟ್ಟೆಯ ಜೊತೆಗೇ ಒಯ್ಯುತ್ತಾರೆ. ಮದುವೆ, ಉಪನಯನ, ಭೂತಕೋಲದ ಮನೆಗಳಲ್ಲಿ ಎಲೆಯ ಮೂಲೆಯಲ್ಲಿ ಇಟ್ಟರೆ ಎಲೆ ಮಡಚಿದ ಮೇಲೆ ಅದು ಸಿಗುವುದಿಲ್ಲ. ಉಪಾಯ ಒಂದೇ: ಬಾಯಲ್ಲಿರಬೇಕು, ಇಲ್ಲ ಡಬ್ಬಿಯಲ್ಲಿರಬೇಕು. ಮೂರನೆಯ ಜಾಗ ಇಲ್ಲ. ಅಂಗಿಯ ಕಿಸೆ, ದಿಂಬಿನ ಅಡಿ, ಕಿಟಕಿ ದಂಡೆ ಯಾವುದೂ ಆಗದು. ಮನೆಯಲ್ಲಿ ನಾಯಿಯಿದ್ದರೆ ಇನ್ನೂ ಜಾಗ್ರತೆ ಬೇಕು. ಎಂಜಲಿನ ವಾಸನೆಗೆ ಅದು ಕಚ್ಚಿ ಪುಡಿ ಮಾಡುತ್ತದೆ.

ರಿಟೇನರ್ ಹಾಕಿಕೊಂಡು ನೀರು ಕುಡಿಯಬಹುದು. ಪುನರ್ಪುಳಿ ಶರಬತ್ತು, ಕಬ್ಬಿನ ಹಾಲು, ಸೋಡಾ ಶರಬತ್ತು, ಗಡ್‌ಬಡ್ ಐಸ್‌ಕ್ರೀಂ ಬೇಡ. ಸಿಹಿಯೂ ಹುಳಿಯೂ ಪ್ಲಾಸ್ಟಿಕ್ ಮತ್ತು ಹಲ್ಲಿನ ನಡುವೆ ಸಿಕ್ಕಿಕೊಂಡರೆ ಜೊಲ್ಲು ಅದನ್ನು ತೊಳೆಯಲಾರದು, ಹಲ್ಲು ಬೇಗ ಹುಳುಕಾಗುತ್ತದೆ. ಮೊದಲು ತೆಗೆದಿಡಿ, ತಿಂದು ಬಾಯಿ ಮುಕ್ಕಳಿಸಿ, ಮತ್ತೆ ಹಾಕಿ.

ಅಂಟಿಸಿದ ತಂತಿ ಇರುವವರು ಮುಂದಿನ ಹಲ್ಲಿನಿಂದ ಗಟ್ಟಿ ಪದಾರ್ಥ ಕಚ್ಚಬಾರದು. ಕೋರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ. ಚಕ್ಕುಲಿ, ಚಿಕ್ಕಿಯನ್ನು ಸಣ್ಣದಾಗಿ ಮುರಿದು ಹಿಂದಿನ ಹಲ್ಲಲ್ಲಿ ಅಗಿಯಿರಿ. ಕಬ್ಬು ಸಿಗಿಯುವುದು, ಬಾಟಲಿ ಮುಚ್ಚಳ ಕಚ್ಚುವುದು ಬೇಡವೇ ಬೇಡ.

ಕಬಡ್ಡಿ, ಕ್ರಿಕೆಟ್ ಆಡುವಾಗ, ಈಜುವಾಗ ಹಾಕಿ ತೆಗೆಯುವ ರಿಟೇನರನ್ನು ಡಬ್ಬಿಯಲ್ಲಿಡಿ. ಪೆಟ್ಟು ಬೀಳುವ ಆಟಕ್ಕೆ ಬೇಕಾದದ್ದು ಮೌತ್‌ಗಾರ್ಡ್, ರಿಟೇನರ್ ಆ ಕೆಲಸ ಮಾಡದು.

ಊರು ಬಿಟ್ಟು ಹೋಗುವವರು ಗಮನಿಸಿ

ಮಣಿಪಾಲದ ದಂತವೈದ್ಯಕೀಯ ಕಾಲೇಜು 1965ರಿಂದ ಇದೆ. ಕಾರ್ಕಳದಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್, ಕಾಪುವಿನಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ತಿಂಗಳು ತಿಂಗಳೂ ತಂತಿ ಬಿಗಿ ಮಾಡಿಸಿಕೊಂಡು ಹೋಗುವ ಮಕ್ಕಳಿಗೆ ಕ್ಲಿಪ್ ತೆಗೆದ ದಿನ ದೊಡ್ಡ ಬಿಡುಗಡೆ. ಅಲ್ಲಿಗೆ ಬಸ್ ಪ್ರಯಾಣ ನಿಲ್ಲುತ್ತದೆ, ಡಾಕ್ಟರ್ ಭೇಟಿಯೂ ನಿಲ್ಲುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಹೈಸ್ಕೂಲಿನಲ್ಲಿ ಹಾಕಿಸಿದ ಕ್ಲಿಪ್ ಪಿಯುಸಿ ಹೊತ್ತಿಗೆ ತೆಗೆಯುತ್ತಾರೆ. ಅಷ್ಟರಲ್ಲಿ ಮಗ ಅಥವಾ ಮಗಳು ಬೆಂಗಳೂರಿಗೋ ಮುಂಬಯಿಗೋ ಓದಲು ಹೊರಡುತ್ತಾರೆ, ಕೆಲವರು ಗಲ್ಫಿಗೆ ಕೆಲಸಕ್ಕೆ. ಹಲ್ಲು ಸರಿಯುವ ಅಪಾಯ ಅತಿ ಹೆಚ್ಚಿರುವ ವರ್ಷವೇ ಹಾಸ್ಟೆಲ್‌ನ ಮೊದಲ ವರ್ಷವೂ ಆಗಿಬಿಡುತ್ತದೆ. ನೆನಪಿಸಲು ಅಮ್ಮ ಪಕ್ಕದಲ್ಲಿಲ್ಲ, ಕಳೆದರೆ ಕೇಳಲು ಡಾಕ್ಟರ್ ಹತ್ತಿರದಲ್ಲಿಲ್ಲ. "ಮುಂದಿನ ರಜೆಯಲ್ಲಿ ಬಂದಾಗ ನೋಡೋಣ" ಅನ್ನುವುದರೊಳಗೆ ಹೊಸ ರಿಟೇನರ್ ಮಾಡಿಸಿದರೆ ಸಾಕಾಗುವ ಹಂತ ದಾಟಿ, ಮತ್ತೆ ಕ್ಲಿಪ್ ಹಾಕಬೇಕಾದ ಹಂತ ಬಂದಿರುತ್ತದೆ. ಅಪ್ಪ ಅಮ್ಮ ಕಂತಿನಲ್ಲಿ ಕಟ್ಟಿದ ಹಣ, ಮಕ್ಕಳು ಒಂದೆರಡು ವರ್ಷ ಸಹಿಸಿದ ನೋವು ಎರಡೂ ವ್ಯರ್ಥ.

ಹೊರಡುವ ಮೊದಲು ಹೀಗೆ ಮಾಡಿ:

• ಸಾಧ್ಯವಿದ್ದರೆ ಎರಡನೆಯ ಜೊತೆ ರಿಟೇನರ್ ಮಾಡಿಸಿಕೊಳ್ಳಿ. ಒಂದು ಕಳೆದರೆ ಇನ್ನೊಂದು ಅದೇ ರಾತ್ರಿ ಸಿಗುತ್ತದೆ.
• ಚಿಕಿತ್ಸೆಯ ಸಾರಾಂಶವನ್ನು ಬರೆಸಿಕೊಂಡು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಹಲ್ಲನ್ನು ಸ್ಕ್ಯಾನ್ ಮಾಡಿದ್ದರೆ ಆ ಫೈಲನ್ನೂ ಕೇಳಿ.
• ಕ್ಲಿಪ್ ತೆಗೆದ ವಾರ ಹಲ್ಲಿನ ಫೋಟೊ ತೆಗೆದಿಡಿ. ಮುಂದೆ ಅನುಮಾನ ಬಂದಾಗ ಹೋಲಿಸಿ ನೋಡಬಹುದು.
• ರಜೆಯಲ್ಲಿ ಊರಿಗೆ ಬರುವ ದಿನಕ್ಕೇ ಡಾಕ್ಟರ್ ಭೇಟಿ ಗೊತ್ತು ಮಾಡಿ. ಬರುವಾಗ ರಿಟೇನರ್ ಜೊತೆಗಿರಲಿ.

ರಿಟೇನರ್ ಕಳೆದರೆ, ಮುರಿದರೆ?

ಆ ದಿನವೇ ಡಾಕ್ಟರ್‌ಗೆ ಫೋನ್ ಮಾಡಿ. ದೂರದ ಊರಿನಲ್ಲಿದ್ದರೆ ಹತ್ತಿರದ ದಂತವೈದ್ಯರೂ ಹೊಸ ಅಚ್ಚು ತೆಗೆದು ರಿಟೇನರ್ ಮಾಡಿಸಿಕೊಡಬಲ್ಲರು. ಒಂದು ರಾತ್ರಿ ಮರೆತರೆ ಗಾಬರಿ ಬೇಡ, ಮರುದಿನ ಹಾಕಿ. ಮೊದಲ ತಿಂಗಳುಗಳಲ್ಲಿ ಒಂದೆರಡು ವಾರ ಬಿಟ್ಟರೆ ಮಾತ್ರ ವ್ಯತ್ಯಾಸ ಕಾಣತೊಡಗಬಹುದು. ಮುರಿದ ತುಂಡುಗಳನ್ನು ಫೆವಿಕ್ವಿಕ್‌ನಂಥ ಗೋಂದಿನಿಂದ ಅಂಟಿಸಬೇಡಿ, ಅದು ಬಾಯೊಳಗೆ ಇಡುವ ವಸ್ತುವಲ್ಲ. ಅಣ್ಣನ ರಿಟೇನರ್ ತಂಗಿಗೆ ಆಗುವುದಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ನೀವೇ ಕಚ್ಚಿ ಆಕಾರ ಕೊಡುವ ಆನ್‌ಲೈನ್ ಕಿಟ್‌ಗಳೂ ಹಲ್ಲನ್ನು ಸರಿಯಾದ ಜಾಗದಲ್ಲಿ ಹಿಡಿದಿಡಲಾರವು.

ಕೊನೆಯದಾಗಿ

• ಮೊದಲ ವರ್ಷ ತಪ್ಪಿಸಬೇಡಿ, ಆಮೇಲೆ ರಾತ್ರಿ ಮುಂದುವರಿಸಿ.
• ತಣ್ಣೀರು, ಮೃದು ಬ್ರಷ್, ಸೋಪು. ಬಿಸಿನೀರೂ ಪೇಸ್ಟೂ ಬೇಡ.
• ಬಾಯಲ್ಲಿ ಇಲ್ಲದಿದ್ದರೆ ಡಬ್ಬಿಯಲ್ಲಿ.
• ಬಿಗಿ ಅನ್ನಿಸಿದರೆ, ಅಲ್ಲಾಡಿದರೆ, ಕಳೆದರೆ ತಕ್ಷಣ ಡಾಕ್ಟರ್‌ಗೆ ಹೇಳಿ.
• ರಬ್ಬರ್ ಬ್ಯಾಂಡ್ ವಿಡಿಯೊ ನಂಬಬೇಡಿ, ಹಂಚಬೇಡಿ.

ಮನೆಯಲ್ಲಿ ಕ್ಲಿಪ್ ತೆಗೆಸಿಕೊಂಡವರಿದ್ದರೆ ಇವತ್ತು ರಾತ್ರಿ ಒಂದು ಪ್ರಶ್ನೆ ಕೇಳಿ: "ನಿನ್ನ ರಿಟೇನರ್ ಎಲ್ಲಿದೆ?" ಉತ್ತರ ಬರಲು ತಡವಾದರೆ ಈ ಲೇಖನವನ್ನು ಅವರಿಗೇ ಕಳಿಸಿ.